ತಲೆಗೆ ನೀರು ಹಾಕಿಕೊಡುವ ಶವರ್

ಅಮ್ಮ ಊರು ಬಿಟ್ಟು ತುಮಕೂರಿಗೆ, ನಮ್ಮ ಮನೆಗೇ ಬಂದು ಇರುವುದು ಅಂತ ತೀರ್ಮಾನವಾದ ದಿನ ನನಗೆ ಮೊದಲು ನೆನಪಾಗಿದ್ದು ಬಚ್ಚಲುಮನೆ. ಅಮ್ಮನಿಗೆ ಈಗ 74. ಕೂದಲು ಬೆಳ್ಳಗಾಗಿದೆ, ತೆಳ್ಳಗಾಗಿದೆ. ಉದ್ದ ಮಾತ್ರ ಕಡಿಮೆಯಾಗಿಲ್ಲ. ಬಿಚ್ಚಿದರೆ ಸೊಂಟ ದಾಟಿ ಇನ್ನೂ ಒಂದು ಗೇಣು ಇಳಿಯುತ್ತದೆ. ಆದರೆ ಬಲಭುಜ ಹಿಡಿದುಕೊಂಡು ಎರಡು ವರ್ಷವಾಯಿತು. ಕೈ ಕಿವಿಯಿಂದ ಮೇಲಕ್ಕೆ ಏಳುವುದಿಲ್ಲ. ತುಂಬಿದ ಚೊಂಬು ಎತ್ತಿ ನೆತ್ತಿಗೆ ಸುರಿದುಕೊಳ್ಳುವುದಂತೂ ಆಗದ ಮಾತು. "ಸ್ವಲ್ಪ ಗಿಡ್ಡ ಮಾಡಿಸೋಣ್ವಾ ಅಮ್ಮಾ?" ಅಂತ ತಮ್ಮ ಒಂದು ಸಲ ಕೇಳಿದ್ದ. ಅವತ್ತು ಅಮ್ಮ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಆ ಮಾತನ್ನು ಯಾರೂ ಎತ್ತಿಲ್ಲ.

ನನ್ನ ಕೂದಲೂ ಉದ್ದವೇ. ಹಾಗಾಗಿ ಕಷ್ಟ ಏನು ಅಂತ ನನಗೆ ಗೊತ್ತು. ಉದ್ದ ಕೂದಲಿಗೆ ಸೀಗೆಪುಡಿಯನ್ನೋ ಶಾಂಪೂವನ್ನೋ ಹಚ್ಚುವುದು ಸುಲಭ. ತೊಳೆದು ತೆಗೆಯುವುದೇ ಕೆಲಸ.

ತೀರ್ಥಹಳ್ಳಿ ಹತ್ತಿರದ ನಮ್ಮೂರ ಮನೆಯಲ್ಲಿ ಶುಕ್ರವಾರ ತಲೆಸ್ನಾನ. ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ ತುರುಕಿ ಹಂಡೆ ಕಾಯಿಸುತ್ತಿದ್ದರು. ನಾನು ಮಣೆ ಮೇಲೆ ಕೂತು ತಲೆ ಮುಂದಕ್ಕೆ ಬಗ್ಗಿಸುತ್ತಿದ್ದೆ. ಸೀಗೆಪುಡಿ, ಅದರ ಮೇಲೆ ದಾಸವಾಳದ ಸೊಪ್ಪಿನ ಗೊಂಪು, ಅಂದರೆ ಸೊಪ್ಪು ಹಿಸುಕಿ ತೆಗೆದ ಲೋಳೆ. ಆಮೇಲೆ ಅಮ್ಮ ನೀರು ಹಾಕುತ್ತಿದ್ದಳು. ಅವಳು ಹಾಕುತ್ತಿದ್ದ ರೀತಿ ಈಗಲೂ ನನ್ನ ತಲೆಗೆ ನೆನಪಿದೆ. ಮೇಲಿಂದ ಸುರಿಯುತ್ತಿರಲಿಲ್ಲ. ಚೊಂಬಿನ ಬಾಯಿಯನ್ನು ಕತ್ತಿನ ಹಿಂದೆ, ಕೂದಲು ಶುರುವಾಗುವ ಕಡೆ ತಾಗಿಸಿಯೇ ಹಿಡಿದು ಸಣ್ಣ ಧಾರೆ ಬಿಡುತ್ತಿದ್ದಳು. ಇನ್ನೊಂದು ಕೈಯ ಬೆರಳುಗಳು ಆ ಧಾರೆಯ ಜೊತೆಗೇ ಬುಡದಿಂದ ಹೋಗುತ್ತಿದ್ದವು. ಒಂದು ಕಡೆ ಆಯಿತು ಅನ್ನಿಸಿದ ಮೇಲೆ ಚೊಂಬು ಎರಡು ಬೆರಳಷ್ಟು ಆಚೆ. ನಡುವೆ ನಿಲ್ಲಿಸಿ ಸಿಕ್ಕು ಬಿಡಿಸುತ್ತಿದ್ದಳು, ಮತ್ತೆ ನೀರು. ನಾಲ್ಕೈದು ಚೊಂಬಿಗೆ ತಲೆ ಸ್ವಚ್ಛ.

ಶವರ್ ಹುಡುಕಲು ಹೊರಟಾಗ ನನಗೆ ಬೇಕಾಗಿದ್ದು ಇದೇ. ಬುಡಕ್ಕೆ ಹತ್ತಿರ ಬರಬೇಕು, ಬೇಕಾದ ಕಡೆ ಸರಿಯಬೇಕು, ಬೇಡವೆಂದಾಗ ನಿಲ್ಲಬೇಕು.

ಹಿಂದೊಂದು ಸಲ ಇದನ್ನೆಲ್ಲ ಯೋಚಿಸದೆ ತಪ್ಪು ಮಾಡಿದ್ದೆ. ಮೂರು ವರ್ಷದ ಹಿಂದೆ ಟೈಲ್ಸ್ ಹಾಕಿಸಿದಾಗ ಅಂಗಡಿಯವರು ಎಂಟು ಇಂಚಿನ ರೇನ್ ಶವರ್ ತೋರಿಸಿದರು. ಊಟದ ತಟ್ಟೆಯಷ್ಟು ಅಗಲ, ಫಳಫಳ ಹೊಳೆಯುತ್ತಿತ್ತು. ಅಂಗಡಿಯಲ್ಲಿ ಮೋಟಾರು ಹಚ್ಚಿ ತೋರಿಸಿದಾಗ ನಿಜವಾಗಿಯೂ ಮಳೆಯಂತೆ ಸುರಿಯಿತು. 2,400 ರೂಪಾಯಿ ಕೊಟ್ಟು ತಂದೆವು. ಮನೆಯಲ್ಲಿ ಹಾಕಿದರೆ ನಡುವಿನ ತೂತುಗಳಿಂದ ಮಾತ್ರ ಹನಿ ಹನಿಯಾಗಿ ನೀರು. ಅಂಚಿನ ತೂತುಗಳು ಒಣಗಿಯೇ ಇದ್ದವು.

ಕಾರಣ ಹೇಳಿದ್ದು ಪ್ಲಂಬಿಂಗ್ ಕೆಲಸಕ್ಕೆ ಬರುವ ಹುಡುಗ. "ಅಕ್ಕಾ, ನೀವಿರೋದು ಮೇಲಿನ ಮಹಡಿ. ಟ್ಯಾಂಕು ನಿಮ್ ತಲೆ ಮೇಲೇ ಐತೆ. ಪ್ರೆಶರ್ ಎಲ್ಲಿಂದ ಬರ್ಬೇಕು?" ಅಂದ. ನಾನು ಅಲ್ಲಿಯವರೆಗೆ ಉಲ್ಟಾ ತಿಳಿದುಕೊಂಡಿದ್ದೆ. ಟ್ಯಾಂಕು ಹತ್ತಿರ ಇದ್ದರೆ ನೀರು ಜೋರಾಗಿ ಬರುತ್ತದೆ ಅಂತ. ಹಾಗಲ್ಲ. ನೀರು ಎಷ್ಟು ಎತ್ತರದಿಂದ ಇಳಿಯುತ್ತದೆಯೋ ಅಷ್ಟು ಒತ್ತಡ. ಒತ್ತಡವನ್ನು ಅಳೆಯುವುದು ಬಾರ್ ಲೆಕ್ಕದಲ್ಲಿ, 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್. ನಮ್ಮ ಟ್ಯಾಂಕಿನಿಂದ ಶವರಿಗೆ ಇರುವುದು 2 ಮೀಟರ್. ಅಂದರೆ 0.2 ಬಾರ್, ಅಷ್ಟೇ. ಕೆಳಗಿನ ಮನೆಯ ಬಾಡಿಗೆಯವರಿಗೆ ನಮಗಿಂತ ಚೆನ್ನಾಗಿ ಬರುತ್ತದೆ. ಇಷ್ಟು ಕಡಿಮೆ ಒತ್ತಡದ ನೀರನ್ನು ಎಂಟು ಇಂಚಿನ ತಟ್ಟೆಯ ತುಂಬ ಹಂಚಿದರೆ ಯಾವ ತೂತಿಗೂ ಸಾಲುವುದಿಲ್ಲ. ಎಂಟು ಇಂಚಿನ ತಟ್ಟೆಯ ಜಾಗ ನಾಲ್ಕು ಇಂಚಿನದರ ನಾಲ್ಕು ಪಟ್ಟು, ಎರಡು ಪಟ್ಟಲ್ಲ.

ನೀರು ಚೆನ್ನಾಗಿ ಬಂದಿದ್ದರೂ ಉದ್ದ ಕೂದಲಿಗೆ ಅದು ಒಗ್ಗುತ್ತಿರಲಿಲ್ಲ ಅಂತ ನನಗೆ ಈಗ ಅನ್ನಿಸುತ್ತದೆ. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಪ್ರೆಶರ್ ಪಂಪ್ ಇದೆ, ಅಂಥದ್ದೇ ಶವರ್ ಇದೆ. ಆ ಮನೆಯ ಅಕ್ಕನೂ ಬಕೆಟ್ಟಿನಲ್ಲೇ ತಲೆ ತೊಳೆಯುತ್ತಾರೆ. ಮೇಲಿಂದ ನೀರು ಬಿದ್ದಾಗ ಮೇಲಿನ ಪದರ ಮೊದಲು ನೆನೆದು ತಲೆಗೆ ಅಂಟಿಕೊಳ್ಳುತ್ತದೆ. ಮುಂದಿನ ನೀರೆಲ್ಲ ಅದರ ಮೇಲಿಂದ ಜಾರಿ ಹೋಗುತ್ತದೆ. ಕತ್ತಿನ ಹಿಂದೆ, ಕಿವಿಯ ಹಿಂದೆ ಕೈ ಹಾಕಿ ನೋಡಿದರೆ ಪುಡಿ ಹಾಗೇ ಇರುತ್ತದೆ. ಆಗ ಕೂದಲನ್ನೆಲ್ಲ ಎತ್ತಿ ನೆತ್ತಿಯ ಮೇಲೆ ಗುಡ್ಡೆ ಮಾಡಿ ಉಜ್ಜುತ್ತೇವೆ. ಸಿಕ್ಕಾಗುವುದು ಅಲ್ಲೇ.

ಈ ಸಲ ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಅಳತೆ ಮಾಡಿಕೊಂಡೆ. 10 ಲೀಟರ್ ಬಕೆಟ್ಟನ್ನು ಶವರಿನ ಕೆಳಗಿಟ್ಟು ಮೊಬೈಲಿನಲ್ಲಿ ಸಮಯ ನೋಡಿದೆ. ತುಂಬಲು 1 ನಿಮಿಷ 50 ಸೆಕೆಂಡ್. ನಿಮಿಷಕ್ಕೆ ಐದೂವರೆ ಲೀಟರ್ ಅಂದುಕೊಳ್ಳಿ. ನನ್ನ ತಲೆ ತೊಳೆಯಲು 20 ನಿಮಿಷ ಬೇಕಾಗುತ್ತಿತ್ತು. 110 ಲೀಟರ್! ಬೇಸಿಗೆಯಲ್ಲಿ ಬೋರ್ ಇಳಿದಾಗ ಅಷ್ಟು ನೀರಿನಲ್ಲಿ ಮನೆಯ ಪಾತ್ರೆ, ಬಟ್ಟೆ ಎರಡೂ ಮುಗಿಯುತ್ತದೆ.

ಬಿ.ಎಚ್. ರಸ್ತೆಯ ಅಂಗಡಿಗಳಲ್ಲಿ ಹ್ಯಾಂಡ್ ಶವರ್ ಕೇಳಿದೆ. ಶವರ್ ಅಂತ ಸುಮ್ನೆ ಕೇಳಿದರೆ ಎಲ್ಲರೂ ದೊಡ್ಡ ತಟ್ಟೆಯನ್ನೇ ತೋರಿಸುತ್ತಾರೆ. ಒಂದು ಅಂಗಡಿಯಲ್ಲಿ ಹಿಡಿಯೊಳಗೆ ಬಣ್ಣ ಬಣ್ಣದ ಮಣಿ ತುಂಬಿದ ಶವರ್ ಕೊಟ್ಟು, "ಮೇಡಂ, ಇದು ಗಡಸು ನೀರನ್ನ ಮೃದು ಮಾಡುತ್ತೆ, ಕೂದಲು ಉದುರಲ್ಲ" ಅಂದರು. ಉದ್ದ ಕೂದಲಿನವರಿಗೆ ಇದನ್ನು ಕೇಳಿದರೆ ಆಸೆಯಾಗುತ್ತದೆ, ಅಲ್ವಾ? ಆದರೆ ಗಡಸು ನೀರು ಅಂದರೆ ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ. ಅದನ್ನು ತೆಗೆಯುವ ಸಾಫ್ಟ್‌ನರ್‌ನಲ್ಲಿ ರೆಸಿನ್ ತುಂಬಿದ ದೊಡ್ಡ ಸಿಲಿಂಡರ್ ಇರುತ್ತದೆ, ಆಗಾಗ ಉಪ್ಪು ಹಾಕಿ ತೊಳೆಯಬೇಕು. ಕಣ್ಣು ಮಿಟುಕಿಸುವಷ್ಟರಲ್ಲಿ ನೀರು ದಾಟಿ ಹೋಗುವ ಒಂದು ಹಿಡಿ ಮಣಿಯಿಂದ ಆ ಕೆಲಸ ಆಗುವುದಿಲ್ಲ. ಮೇಲಾಗಿ ಮಣಿಗಳೇ ನೀರಿಗೆ ಅಡ್ಡ. ನಮ್ಮಂಥ 0.2 ಬಾರಿನ ಮನೆಗೆ ಅದು ಬೇಡವೇ ಬೇಡ.

ನೀರಿನ ಗುಣದ ವಿಷಯ ಬಂದಿದ್ದಕ್ಕೆ ಒಂದು ಮಾತು. ಬುಗುಡನಹಳ್ಳಿ ಕೆರೆಯಿಂದ ಹೇಮಾವತಿ ನೀರು ಬಿಟ್ಟ ದಿನಕ್ಕೂ ಬೋರ್ ನೀರಿನ ದಿನಕ್ಕೂ ಕೂದಲಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಬೋರ್ ನೀರಿನಲ್ಲಿ ಸೋಪು ಉಜ್ಜಿದರೆ ನೊರೆ ಬರುವ ಮೊದಲು ಬಿಳಿ ಕೆನೆಯಂಥ ಗಸಿ ಬರುತ್ತದೆ. ಅದು ಕೂದಲಿಗೆ ಅಂಟಿದರೆ ಒಣಗಿದ ಮೇಲೆ ಪೊರಕೆಯಂತೆ ಆಗುತ್ತದೆ. ಸೀಗೆಕಾಯಿ ಸೋಪಿನಂತಲ್ಲ, ಆ ಗಸಿ ಬಿಡುವುದಿಲ್ಲ. ಹಾಗಾಗಿ ನಾನು ನಲ್ಲಿ ನೀರು ಬಂದ ದಿನ ಎರಡು ಬಕೆಟ್ ಹಿಡಿದಿಟ್ಟು, ಕೊನೆಯ ನೀರು ಅದರಲ್ಲೇ ಹಾಕಿಕೊಳ್ಳುತ್ತೇನೆ. ಶವರಿನಿಂದ ಆಗದ ಕೆಲಸ ಅದು.

ಕೊನೆಗೆ ತಂದಿದ್ದು ಸಾಧಾರಣ ಹ್ಯಾಂಡ್ ಶವರ್. ಅಂಗೈಯಷ್ಟು ಅಗಲದ ಮುಖ. ಗುಂಡಿ ತಿರುಗಿಸಿದರೆ ಐದು ಥರ ನೀರು ಬರುವಂಥದ್ದೂ ಇತ್ತು. ನಾನು ಒಂದೇ ಥರದ್ದು ತಗೊಂಡೆ, ಸಣ್ಣ ತೂತು, ತೆಳು ಧಾರೆ. ತೂತು ಸಣ್ಣದಾದರೆ ಟ್ಯಾಂಕು ಕೊಡದ ಒತ್ತಡವೇನೂ ಹುಟ್ಟುವುದಿಲ್ಲ, ಆದರೆ ಇರುವ ನೀರು ಚದುರದೆ ಒಂದೇ ಕಡೆ ಬೀಳುತ್ತದೆ. ಬುಡಕ್ಕೆ ತಾಗಿಸಿ ಹಿಡಿಯುವವರಿಗೆ ಅಷ್ಟು ಸಾಕು. ಲೋಹದ್ದು ಚೆಂದ ಇತ್ತು, ಕೈಯಲ್ಲಿ ಹಿಡಿದು ನೋಡಿ ವಾಪಸ್ ಇಟ್ಟೆ. ಒದ್ದೆ ಕೈಯಲ್ಲಿ ಹತ್ತು ನಿಮಿಷ ಹಿಡಿಯಬೇಕಾದವಳು ಅಮ್ಮ. ಪ್ಲಾಸ್ಟಿಕ್ಕಿನದು, ಮೇಲೆ ಕ್ರೋಮ್ ಬಣ್ಣದ್ದು, ಹಗುರ. ಪೈಪು ಒಂದೂವರೆ ಮೀಟರಿನದೇ ಬೇಕು ಅಂತ ಹಟ ಹಿಡಿದೆ. ಒಂದು ಮೀಟರಿನದು ಸ್ಟೂಲ್ ಮೇಲೆ ಕೂತವರ ಕತ್ತಿನ ಹಿಂದಕ್ಕೆ ಬರುವುದಿಲ್ಲ.

ಹಿಡಿಯಲ್ಲಿ ಒಂದು ಬಟನ್ ಇದೆ. ಹೆಬ್ಬೆರಳಲ್ಲಿ ಒತ್ತಿದರೆ ನೀರು ನಿಲ್ಲುತ್ತದೆ. ಸಿಕ್ಕು ಬಿಡಿಸುವಾಗ ನಲ್ಲಿಗೆ ಕೈ ಚಾಚಬೇಕಾಗಿಲ್ಲ, ಬಿಸಿ ತಣ್ಣೀರಿನ ಹದವನ್ನು ಮತ್ತೆ ಮಾಡಬೇಕಾಗಿಲ್ಲ. ಒಂದು ಎಚ್ಚರಿಕೆ ಮಾತ್ರ ಇರಲಿ. ಬಟನ್ ಒತ್ತಿ ಹಾಗೇ ಬಿಟ್ಟು ಬರಬೇಡಿ. ನಲ್ಲಿ ಮುಚ್ಚದಿದ್ದರೆ ಪೈಪಿನ ಮೇಲೆ ಸದಾ ಒತ್ತಡ ಇರುತ್ತದೆ, ಬಿಸಿ ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿಯ ಒಳಗೆ ಬಿಸಿನೀರೂ ತಣ್ಣೀರೂ ಒಂದರ ಪೈಪಿಗೆ ಇನ್ನೊಂದು ನುಗ್ಗಬಹುದು. ಸ್ನಾನ ಮುಗಿದ ಮೇಲೆ ನಲ್ಲಿಯನ್ನೇ ಮುಚ್ಚಿ, ಪೈಪಿನಲ್ಲಿ ಉಳಿದ ನೀರನ್ನು ಬಿಟ್ಟುಬಿಡಿ.

ಹಾಕುವುದು ದೊಡ್ಡ ಕೆಲಸವಲ್ಲ. ಗೋಡೆಯ ಕಡೆ ಇದ್ದ ಅರ್ಧ ಇಂಚಿನ ತಿರುಪಿಗೆ ಟೆಫ್ಲಾನ್ ಟೇಪ್ ಸುತ್ತಿ, ಪೈಪಿನ ಎರಡೂ ತುದಿಗೆ ರಬ್ಬರ್ ವಾಷರ್ ಇದೆಯಾ ನೋಡಿ, ಕೈಯಲ್ಲೇ ತಿರುಗಿಸಿದೆ. ಶವರಿನ ಕುತ್ತಿಗೆಯೊಳಗೆ ನೀರು ಕಡಿಮೆ ಮಾಡುವ ಒಂದು ಪುಟ್ಟ ಪ್ಲಾಸ್ಟಿಕ್ ಬಿಲ್ಲೆ ಇತ್ತು. ಒತ್ತಡ ಜಾಸ್ತಿ ಇರುವ ಮನೆಗೆ ಅದು ಒಳ್ಳೆಯದು, ನೀರು ಉಳಿಯುತ್ತದೆ. ನಮ್ಮಲ್ಲಿ ತೆಗೆದಿಟ್ಟೆ. ಪ್ಲಂಬರ್ ಹುಡುಗನನ್ನು ಕರೆಸಿದ್ದು ಕೊಕ್ಕೆ ಕೂರಿಸಲು ಮಾತ್ರ. ಆಳೆತ್ತರದ ಕೊಕ್ಕೆಯ ಜೊತೆಗೆ ಕೆಳಗೆ ಇನ್ನೊಂದು ಬೇಕು ಅಂದೆ. ಅಮ್ಮನ ಸ್ಟೂಲನ್ನು ತಂದಿಟ್ಟು, ಅವಳನ್ನೇ ಕೂರಿಸಿ, ಎಡಗೈ ಸುಲಭವಾಗಿ ಎಟುಕುವ ಕಡೆ ಪೆನ್ಸಿಲಿನಿಂದ ಗುರುತು ಮಾಡಿದೆವು.

ಮೊದಲ ಶುಕ್ರವಾರ ನಾನು ಬಾಗಿಲ ಹೊರಗೇ ನಿಂತಿದ್ದೆ. ಅಮ್ಮ ತಲೆ ಬಗ್ಗಿಸಿ ಕೂದಲನ್ನೆಲ್ಲ ಮುಂದಕ್ಕೆ ಹಾಕಿಕೊಂಡಳು. ಎಡಗೈಯಲ್ಲಿ ಶವರ್ ಹಿಡಿದು, ಕತ್ತಿನ ಹಿಂದೆ ತಾಗಿಸಿ ಬಿಟ್ಟಳು. ತಲೆಯೇ ಬಗ್ಗಿದ್ದರಿಂದ ಬಲಗೈಯನ್ನು ಎದೆಮಟ್ಟಕ್ಕಿಂತ ಮೇಲೆ ಎತ್ತಬೇಕಾಗಲಿಲ್ಲ. ಆ ಬೆರಳುಗಳು ಕೂದಲ ಜೊತೆ ಕೆಳಗಿಳಿಯುತ್ತಿದ್ದವು. ಸೀಗೆಯ ಕಂದು ನೀರು ಜಾಲರಿ ಕಡೆ ಹರಿಯಿತು, ಆಮೇಲೆ ತೆಳುವಾಯಿತು, ಆಮೇಲೆ ತಿಳಿಯಾಯಿತು. ನಡುವೆ ನಾಲ್ಕು ಸಲ ಬಟನ್ ಒತ್ತಿದ ಸದ್ದು ಕೇಳಿಸಿತು.

"ಏನೇ ಮಾರಾಯ್ತಿ, ಅಲ್ಲೇ ಎಂತ ಮಾಡ್ತಾ ಇದ್ದೀಯ? ಬಾ, ಕಿವಿ ಹಿಂದೆ ಪುಡಿ ಉಳಿದಿದ್ಯಾ ನೋಡು."

ಹೋಗಿ ನೋಡಿದೆ. ಒಂದು ಕಣವೂ ಇರಲಿಲ್ಲ.

ನನ್ನ ತಲೆಗೆ ಈಗ ಹತ್ತು ಹನ್ನೊಂದು ನಿಮಿಷ ಸಾಕು. ಬಕೆಟ್ ಲೆಕ್ಕದಲ್ಲಿ ಸುಮಾರು 45 ಲೀಟರ್. ನೆತ್ತಿಯಿಂದ ಶುರು ಮಾಡುವುದನ್ನು ಬಿಟ್ಟಿದ್ದೇನೆ. ಕೂದಲನ್ನು ಎರಡು ಪಾಲು ಮಾಡಿ, ಕತ್ತಿನಿಂದ ಹೊರಟು ಕಿವಿ, ಆಮೇಲೆ ನೆತ್ತಿ. ದೂರದಿಂದ ಹಿಡಿಯುವುದಿಲ್ಲ, ಶವರಿನ ಮುಖ ತಲೆಗೆ ತಾಗಿಯೇ ಇರುತ್ತದೆ.

ಬೋರ್ ನೀರಾದ್ದರಿಂದ ತಿಂಗಳಿಗೊಮ್ಮೆ ತೂತುಗಳಲ್ಲಿ ಬಿಳಿ ಕಟ್ಟುತ್ತದೆ. ಧಾರೆ ಸೊಟ್ಟಗೆ ಹೋಗತೊಡಗಿದರೆ ಅದೇ ಸೂಚನೆ. ತೂತಿನ ಬಾಯಿ ಸಿಲಿಕೋನಿನದು, ಹೆಬ್ಬೆರಳಲ್ಲಿ ಉಜ್ಜಿದರೆ ಅರ್ಧ ಬಿಟ್ಟುಹೋಗುತ್ತದೆ. ಉಳಿದದ್ದಕ್ಕೆ ವಿನೆಗರನ್ನು ಅಷ್ಟೇ ನೀರಿಗೆ ಬೆರೆಸಿ, ಶವರಿನ ಮುಖವನ್ನು ಅರ್ಧ ಗಂಟೆ ಅದ್ದಿಡುತ್ತೇನೆ. ಸೂಜಿ ಚುಚ್ಚಬೇಡಿ, ತೂತು ಹರಿಯುತ್ತದೆ.

ನಾಳೆ ಶುಕ್ರವಾರ. ಶವರ್ ಅಡುಗೆಮನೆಯ ಕಟ್ಟೆಯ ಮೇಲೆ ಬಟ್ಟಲಲ್ಲಿ ನೆನೆಯುತ್ತಿದೆ. ಅಮ್ಮ ಪಕ್ಕದಲ್ಲೇ ಕೂತು ಸೀಗೆಪುಡಿಯನ್ನು ಎರಡನೇ ಸಲ ಜರಡಿ ಹಿಡಿಯುತ್ತಿದ್ದಾಳೆ.