ಒಣಹೊಳೆಯ ಕಸದ ರಾಶಿಯನ್ನು ಓದುವುದು ಹೇಗೆ

ಮರುಭೂಮಿಯ ಹೊಳೆಯಲ್ಲಿ ನೀರು ಹರಿಯುವುದು ವರ್ಷಕ್ಕೆ ಕೆಲವೇ ದಿನ. ಎಷ್ಟೋ ವರ್ಷ ಅದೂ ಇಲ್ಲ. ಮರಗಳು ಮಾತ್ರ ಉದುರಿಸುತ್ತಲೇ ಇರುತ್ತವೆ. ತರಗೆಲೆ, ಬೀಜದ ಕೋಡು, ತೊಗಟೆ, ಮುರಿದ ರೆಂಬೆ ಎಲ್ಲವೂ ಒಣ ಮರಳಿನ ಮೇಲೆ ಬಿದ್ದಲ್ಲೇ ಕಾಯುತ್ತವೆ. ತೇವವಿಲ್ಲದೆ ಶಿಲೀಂಧ್ರ ಬೆಳೆಯದು. ಬಿಸಿಲು ಎಲೆಯನ್ನು ಪೆಡಸು ಮಾಡಿ ಪುಡಿಗಟ್ಟುತ್ತದೆ, ಗೆದ್ದಲು ತನ್ನ ಪಾಲನ್ನು ಒಯ್ಯುತ್ತದೆ, ಮಿಕ್ಕದ್ದೆಲ್ಲ ಮುಂದಿನ ನೆರೆಗೆ ಸರಕು. ಹಾಗಾಗಿ ಒಂದು ನೆರೆ ಎಷ್ಟು ಕಸ ತಂದಿತು ಎಂಬುದು ಅದರ ದೊಡ್ಡತನವನ್ನಷ್ಟೇ ಅವಲಂಬಿಸಿಲ್ಲ. ಹಿಂದಿನ ನೆರೆ ಬಂದು ಎಷ್ಟು ಕಾಲವಾಯಿತು ಎಂಬುದನ್ನೂ ಕೇಳಬೇಕು.

ನಮೀಬಿಯಾದ ಕುಯ್ಸೆಬ್ ಇದಕ್ಕೆ ಒಳ್ಳೆಯ ಉದಾಹರಣೆ. ಖೋಮಾಸ್ ಎತ್ತರನಾಡಿನಲ್ಲಿ ಹುಟ್ಟಿ, ಗೊಬಾಬೆಬ್ ದಾಟಿ, ವಾಲ್ವಿಸ್ ಬೇ ಕಡೆಗೆ ಹೋಗುವ ಹೊಳೆ. ಒಂದು ದಡದಲ್ಲಿ ಮರಳುಗುಡ್ಡ, ಇನ್ನೊಂದರಲ್ಲಿ ಜಲ್ಲಿಬಯಲು. ಮಳೆ ಬೀಳುವುದು ಮೇಲ್ಭಾಗದಲ್ಲಿ, ಮರುಭೂಮಿಯ ಹೊಳೆಪಾತ್ರಕ್ಕೆ ಬರುವುದು ಬರಿಯ ನೆರೆ. ಪಾತ್ರದುದ್ದಕ್ಕೂ ಬೆಳೆಯುವ ಫೈಡರ್ಬಿಯಾ ಆಲ್ಬಿಡಾ ಮರದ್ದು ತಲೆಕೆಳಗಾದ ಲೆಕ್ಕ: ಒಣಗಾಲದಲ್ಲಿ ಹಸಿರು, ಮಳೆಗಾಲದಲ್ಲಿ ಬೋಳು. ಕೋಡು ಉದುರುವುದು ಮಳೆಗಾಲಕ್ಕೆ ಮುಂಚೆ. ಅಂದರೆ ನೆರೆ ಬರುವ ಹೊತ್ತಿಗೆ ಪಾತ್ರದಲ್ಲಿ ಸರಕು ತುಂಬಿರುತ್ತದೆ.

ನೆರೆಯ ಮೊದಲ ಅಲೆ ನೀರಿನಂತೆ ಕಾಣುವುದೇ ಇಲ್ಲ. ನೊರೆ, ಕಡ್ಡಿ, ಹಿಕ್ಕೆ, ಕೋಡುಗಳ ಕಂದು ರಾಡಿ. ಕೆಳಗೆ ಹೋದಂತೆ ಮರಳು ನೀರನ್ನು ಕುಡಿಯುತ್ತದೆ, ಆಳವೂ ವೇಗವೂ ಕುಗ್ಗುತ್ತವೆ. ಆಳ ತನ್ನ ದಪ್ಪಕ್ಕೆ ಸಾಲದಲ್ಲಿ ದಿಮ್ಮಿ ನೆಲ ಕಚ್ಚುತ್ತದೆ, ಕಡ್ಡಿ ಇನ್ನಷ್ಟು ದೂರ ಹೋಗುತ್ತದೆ, ಎಲೆಪುಡಿ ನೆರೆ ಸಾಯುವ ಜಾಗದವರೆಗೂ ಹೋಗಿ ಹೂಳಿನೊಂದಿಗೆ ಕೂರುತ್ತದೆ. ಎಲ್ಲ ಮರವೂ ತೇಲುತ್ತದೆ ಎಂದುಕೊಳ್ಳಬೇಡಿ. ಕ್ಯಾಮೆಲ್‌ಥಾರ್ನ್ ಮರದ ಚೇಗು (ಕಾಂಡದ ಒಳಗಿನ ಗಟ್ಟಿ ತಿರುಳು) ಒಣಗಿದ್ದರೂ ನೀರಿಗಿಂತ ಭಾರ. ಅದು ತಳದಲ್ಲಿ ಉರುಳುತ್ತಾ ಸಾಗುತ್ತದೆ.

ದೊಡ್ಡ ರಾಶಿ ಹುಟ್ಟುವುದು ಪಾತ್ರದ ನಡುವೆಯೇ ಬೆಳೆದ ಮರದ ಬುಡದಲ್ಲಿ, ಮೇಲ್ಹೊಳೆಯ ಕಡೆ. ಮೊದಲು ಒಂದೆರಡು ಉದ್ದ ಕೊಂಬೆ ಅಡ್ಡ ಸಿಕ್ಕುತ್ತವೆ. ಅವು ಜರಡಿಯಂತೆ ರೆಂಬೆಗಳನ್ನು ಹಿಡಿಯುತ್ತವೆ, ರೆಂಬೆ ಎಲೆಯನ್ನು, ಎಲೆ ಹೂಳನ್ನು. ಆ ಹೂಳು ತೇವವನ್ನು ಉಳಿಸಿಕೊಂಡು ಬೀಜ ಮೊಳೆಯುವ ಜಾಗವಾಗುತ್ತದೆ, ಬದುಕುಳಿದ ಸಸಿ ಮುಂದೆ ಇನ್ನೊಂದು ಅಡ್ಡಿ. ದಡದ ಮರಗಳನ್ನು ಕಡಿದರೆ ಕೆಳಗಿನ ಸೇತುವೆಗೆ ಕಸ ಕಡಿಮೆಯಾಗುತ್ತದೆ ಎಂಬ ವಾದ ನನಗೆ ಒಪ್ಪಿಗೆಯಿಲ್ಲ. ಕಸವನ್ನು ತಡೆದು ನಿಲ್ಲಿಸುವುದೂ ಅದೇ ಮರಗಳು.

ಅಳೆಯುವಾಗ ಸಾಮಾನ್ಯವಾಗಿ 10 ಸೆಂ.ಮೀ. ದಪ್ಪ, 1 ಮೀಟರ್ ಉದ್ದ ಮೀರಿದ್ದನ್ನು ದೊಡ್ಡ ಕಟ್ಟಿಗೆ ಎನ್ನುತ್ತಾರೆ. ಚದುರಿ ಬಿದ್ದ ಕಟ್ಟಿಗೆಗೆ ಗೆರೆ ಎಳೆದು ಎಣಿಸುವ ವಿಧಾನ ಸಾಕು. ಟೇಪನ್ನು ದಾಟುವ ಪ್ರತಿ ತುಂಡಿನ ದಪ್ಪವನ್ನು ದಾಟಿದ ಜಾಗದಲ್ಲೇ ಸೆಂ.ಮೀ.ನಲ್ಲಿ ಅಳೆದು ವರ್ಗ ಮಾಡಿ, ಎಲ್ಲ ಕೂಡಿಸಿ, 9.87ರಿಂದ ಗುಣಿಸಿ, ಗೆರೆಯ ಉದ್ದದ (ಮೀಟರ್‌ನಲ್ಲಿ) 8 ಪಟ್ಟಿನಿಂದ ಭಾಗಿಸಿದರೆ ಹೆಕ್ಟೇರಿಗೆ ಎಷ್ಟು ಘನ ಮೀಟರ್ ಎಂದು ಸಿಗುತ್ತದೆ. 100 ಮೀಟರ್ ಗೆರೆಯಲ್ಲಿ ವರ್ಗಗಳ ಮೊತ್ತ 1000 ಬಂದರೆ ಸುಮಾರು 12.3. ತುಂಡುಗಳು ಎಲ್ಲ ದಿಕ್ಕಿಗೂ ಸಮವಾಗಿ ಬಿದ್ದಿವೆ ಎಂದು ಈ ಲೆಕ್ಕ ನಂಬುತ್ತದೆ, ನೆರೆಯೋ ಅವನ್ನು ಸಾಲಾಗಿ ಮಲಗಿಸಿರುತ್ತದೆ. ಅದಕ್ಕೇ ಒಂದು ಗೆರೆ ಸಾಲದು; ತ್ರಿಕೋನವಾಗಿ ಮೂರು ಎಳೆಯಿರಿ. ಒತ್ತಾದ ರಾಶಿಗೆ ಇದು ಹೊಂದುವುದಿಲ್ಲ. ಉದ್ದ, ಅಗಲ, ಎತ್ತರ ಗುಣಿಸಿದರೆ ಒಳಗಿನ ಗಾಳಿಯೂ ಕಟ್ಟಿಗೆಯ ಲೆಕ್ಕಕ್ಕೆ ಸೇರುತ್ತದೆ, ಹಾಗಾಗಿ ಒಂದು ಭಾಗ ಬಿಚ್ಚಿ ತೂಗಲೇಬೇಕು. ಕೈಗವಸು ಹಾಕಿಕೊಳ್ಳಿ, ಚೇಳು, ಹಾವುಗಳಿಗೆ ಅದೇ ನೆರಳು.

ಹೂಳಿನಲ್ಲಿ ಬೆರೆತ ಎಲೆಪುಡಿಗೆ ಸುಟ್ಟು ತೂಗುವುದೇ ದಾರಿ: 105 ಡಿಗ್ರಿಯಲ್ಲಿ ಒಣಗಿಸಿ ತೂಕ, 550 ಡಿಗ್ರಿಯಲ್ಲಿ 4 ಗಂಟೆ ಸುಟ್ಟು ಮತ್ತೆ ತೂಕ. ಇಳಿದ ತೂಕವೇ ಸಸ್ಯಾಂಶ. ಜೇಡಿ ಹೆಚ್ಚಿದ್ದರೆ ಅದರೊಳಗೆ ಬಂಧಿಯಾದ ನೀರೂ ಹಾರಿ, ಸಸ್ಯಾಂಶ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ.

ನೆರೆಯ ಎತ್ತರವನ್ನು ಮರಕ್ಕೆ ಸಿಕ್ಕಿದ ಕಸದಿಂದ ಹೇಳುವಾಗಲೇ ಹೆಚ್ಚು ತಪ್ಪಾಗುವುದು. ನೆರೆಯಲ್ಲಿ ಬಾಗಿದ ಎಳೆಯ ಗಿಡ ನೀರಿಳಿದ ಮೇಲೆ ಕಸ ಸಮೇತ ಎದ್ದು ನಿಂತಿರುತ್ತದೆ. ದಪ್ಪ ಮರದ ಎದುರುಮುಖಕ್ಕೆ ನೀರು ಏರಿ ಬಡಿಯುತ್ತದೆ. ಸೆಕೆಂಡಿಗೆ 3 ಮೀಟರ್ ವೇಗವಿದ್ದರೆ ಆ ಏರಿಕೆ ಅರ್ಧ ಮೀಟರಿನ ಹತ್ತಿರ ಹೋಗಬಹುದು. ನೀರು ನಿಧಾನವಾಗಿ ನಿಂತ ಪಕ್ಕದ ಸಂದಿಗಳಲ್ಲಿ ಉಳಿದ ಕಡ್ಡಿಗೆರೆಯೇ ನಂಬಿಕೆಗೆ ಹೆಚ್ಚು ಅರ್ಹ.

ರೇಡಿಯೋಕಾರ್ಬನ್ ಕಾಲಮಾಪನಕ್ಕೂ (ಉಳಿದಿರುವ ಇಂಗಾಲ-14 ಅಳೆದು ವಯಸ್ಸು ಹೇಳುವುದಕ್ಕೂ) ಅದೇ ಸಂದಿಗಳ ಹೂಳು ಒಳ್ಳೆಯದು, ಆದರೆ ದಪ್ಪ ಕಟ್ಟಿಗೆ, ಇದ್ದಿಲು ಆರಿಸಬೇಡಿ. ಸತ್ತ ಮರ ಇಲ್ಲಿ ಬಹುಕಾಲ ಹಾಗೇ ಉಳಿಯುವುದರಿಂದ ಅದು ನೆರೆಗಿಂತ ಎಷ್ಟೋ ಹಳೆಯದಿರಬಹುದು. ಎಲೆ, ಬೀಜ, ತೆಳ್ಳನೆಯ ಕಡ್ಡಿ ಹೆಕ್ಕಿ. 1950ರ ದಶಕದ ನಡುವಿನಿಂದೀಚೆಗಿನ ಎಲೆಯಾದರೆ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ಏರಿದ ಇಂಗಾಲ-14 ಕೆಲವೇ ವರ್ಷಗಳ ಅಂತರದೊಳಗೆ ಕಾಲ ಹೇಳುತ್ತದೆ. ಆ ಏರಿಕೆಗೂ ಇಳಿಕೆಗೂ ಒಂದೊಂದರಂತೆ ಎರಡು ಉತ್ತರ ಬರುವುದುಂಟು. ಆಗ ಮೇಲಿನ, ಕೆಳಗಿನ ಪದರಗಳಿಂದಲೂ ಒಂದೊಂದು ಎಲೆ ಕಳಿಸಿ.