ಎರಡು ಬಾವುಟದ ಅಂಗಿ

2016ರ ಜೂನ್ 11. ನಾವು ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಟೀವಿಯಲ್ಲಿ ಯೂರೋ ಕಪ್ ಫುಟ್‌ಬಾಲ್, ಸ್ವಿಟ್ಜರ್‌ಲೆಂಡ್–ಅಲ್ಬೇನಿಯಾ ಪಂದ್ಯ. ಗ್ಯಾಲರಿಯಲ್ಲಿ ಒಬ್ಬ ತಾಯಿ. ತೊಟ್ಟ ಅಂಗಿ ಅರ್ಧ ಸ್ವಿಸ್, ಅರ್ಧ ಅಲ್ಬೇನಿಯಾ. ಎರಡೂ ಬಾವುಟ ಕೆಂಪೇ. ಒಂದರಲ್ಲಿ ಬಿಳಿ ಶಿಲುಬೆ, ಇನ್ನೊಂದರಲ್ಲಿ ಎರಡು ತಲೆಯ ಕಪ್ಪು ಹದ್ದು. ಮೈದಾನದಲ್ಲಿ ಆಕೆಯ ಇಬ್ಬರು ಮಕ್ಕಳು ಎದುರುಬದುರು ಆಡುತ್ತಿದ್ದರು. ಅಣ್ಣ ತೌಲಾಂತ್ ಅಲ್ಬೇನಿಯಾಕ್ಕೆ, ತಮ್ಮ ಗ್ರಾನಿತ್ ಜಾಕಾ ಸ್ವಿಟ್ಜರ್‌ಲೆಂಡಿಗೆ. ಸ್ವಿಸ್ ತಂಡ 1–0ಯಿಂದ ಗೆದ್ದಿತು. ಆ ತಾಯಿ ಯಾವ ಗೋಲಿಗೆ ಚಪ್ಪಾಳೆ ತಟ್ಟಬೇಕು ಅಂತ ನನಗೆ ಹೊಟ್ಟೆಯಲ್ಲಿ ಸಂಕಟ.

ಇಬ್ಬರೂ ಹುಟ್ಟಿದ್ದು ಇದೇ ಬಾಸೆಲ್‌ನಲ್ಲಿ. ಅಪ್ಪ ಆಗ ಯುಗೊಸ್ಲಾವಿಯಾದಲ್ಲಿದ್ದ ಕೊಸೊವೊದ ಅಲ್ಬೇನಿಯನ್ನರು, ಯುಗೊಸ್ಲಾವಿಯಾ ಸರ್ಕಾರದ ವಿರುದ್ಧ ಮೆರವಣಿಗೆಗೆ ಹೋದದ್ದಕ್ಕೆ ಮೂರು ವರ್ಷಕ್ಕೂ ಹೆಚ್ಚು ಜೈಲಿನಲ್ಲಿದ್ದು, ಆಮೇಲೆ ಹೆಂಡತಿಯೊಂದಿಗೆ ಇಲ್ಲಿಗೆ ಬಂದವರು. ಗ್ರಾನಿತ್ 2009ರಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ಗೆದ್ದ ಸ್ವಿಸ್ ತಂಡದಲ್ಲಿದ್ದ. ಆಡಿದ ಕ್ಲಬ್‌ಗಳು: ಇಲ್ಲಿಯ ಎಫ್‌ಸಿ ಬಾಸೆಲ್, ಜರ್ಮನಿಯ ಗ್ಲಾಡ್‌ಬಾಖ್, ಆಮೇಲೆ ಲಂಡನ್ನಿನ ಆರ್ಸೆನಲ್.

ಗ್ರಾನಿತ್ ಮಿಡ್‌ಫೀಲ್ಡರ್, ಅಂದರೆ ಮೈದಾನದ ನಡುವೆ ಆಡುವವನು, ಗೋಲು ಹೊಡೆದು ಮೆರೆಯುವವನಲ್ಲ. ಈತನನ್ನು ನೋಡಬೇಕಾದರೆ ಚೆಂಡಿನ ಮೇಲಿನ ಕಣ್ಣು ತೆಗೆಯಬೇಕು. ಚೆಂಡು ಬರುವ ಮೊದಲೇ ಒಮ್ಮೆ ಹಿಂದಕ್ಕೆ ತಿರುಗಿ ನೋಡುತ್ತಾನೆ. ಬಂದದ್ದೇ ತಡ, ಎಡಗಾಲಿನಿಂದ ಆ ತುದಿಯವನ ಕಾಲಬುಡಕ್ಕೆ ಕಳಿಸುತ್ತಾನೆ.

2019ರ ಅಕ್ಟೋಬರ್‌ನಲ್ಲಿ ಆರ್ಸೆನಲ್ ನಾಯಕನಾಗಿದ್ದಾಗಲೇ ಸ್ವಂತ ಅಭಿಮಾನಿಗಳು ಅವನನ್ನು ಕೂಗಿ ಹೀಯಾಳಿಸಿದರು. ಅವನೂ ಸಿಟ್ಟಿನಿಂದ ಜರ್ಸಿ ಕಳಚಿ ಹೊರನಡೆದ. ನಾಯಕತ್ವ ಹೋಯಿತು. ಕೆಲಸದ ಜಾಗದಲ್ಲಿ ಎಲ್ಲರೆದುರು ಅವಮಾನವಾದರೆ ಪರದೇಶದಲ್ಲಿ ಅದು ಎಷ್ಟು ಚುಚ್ಚುತ್ತದೆ ಅಂತ ಹೊರಗೆ ದುಡಿಯುವವರಿಗೆ ಗೊತ್ತು. ಆದರೂ ಅಲ್ಲೇ ಉಳಿದು ಮೂರೂವರೆ ವರ್ಷ ಆಡಿದ. ಅದೇ ಜನ ಅವನ ಹೆಸರಿನ ಹಾಡು ಹಾಡಿ ಬೀಳ್ಕೊಟ್ಟರು. ನನಗೆ ಅವನ ಕಪ್‌ಗಳಿಗಿಂತ ಇದೇ ದೊಡ್ಡದು.

2023ರಲ್ಲಿ ಜರ್ಮನಿಯ ಲೆವರ್‌ಕೂಸನ್ ಸೇರಿದ. ಆ ಕ್ಲಬ್ ಒಮ್ಮೆಯೂ ಜರ್ಮನಿಯ ದೊಡ್ಡ ಲೀಗ್ ಬುಂಡೆಸ್‌ಲಿಗಾ ಗೆದ್ದಿರಲಿಲ್ಲ. ಆ ಸೀಸನ್‌ನಲ್ಲಿ 34 ಲೀಗ್ ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಅದನ್ನು ಗೆದ್ದಿತು. ಜರ್ಮನ್ ಕಪ್ ಫೈನಲ್‌ನ ಏಕೈಕ ಗೋಲು ದೂರದಿಂದ ಹೊಡೆದವನು ಗ್ರಾನಿತ್. 2025ರಲ್ಲಿ ಮತ್ತೆ ಇಂಗ್ಲೆಂಡಿಗೆ, ಸಂಡರ್‌ಲೆಂಡ್ ನಾಯಕನಾಗಿ. ಸ್ವಿಸ್ ತಂಡಕ್ಕೆ ಅತಿ ಹೆಚ್ಚು ಪಂದ್ಯ ಆಡಿದವನೂ ಅವನೇ.

ಎಫ್‌ಸಿ ಬಾಸೆಲ್ ಪಂದ್ಯದ ದಿನ ಸ್ಟೇಡಿಯಂ ಕಡೆ ಹೋಗುವ 14ನೇ ನಂಬರ್ ಟ್ರಾಮ್ ತುಂಬ ಕೆಂಪು-ನೀಲಿ ಶಾಲುಗಳು. ಇಲ್ಲಿಯವರು ಆ ಸ್ಟೇಡಿಯಂ ಅನ್ನು ಪ್ರೀತಿಯಿಂದ ಯೊಗ್ಗೆಲಿ ಅನ್ನುತ್ತಾರೆ. ನಮ್ಮ ಮಗ ಇಲ್ಲೇ ಹುಟ್ಟಿದವನು. ಹೋದ ತಿಂಗಳು ಟ್ರಾಮಿನಲ್ಲಿ ಕೇಳಿದ: “ಅಪ್ಪಾ, ನಾನು ಇಂಡಿಯಾ ವಿರುದ್ಧ ಆಡಿದ್ರೆ ಅಮ್ಮ ಯಾವ ಅಂಗಿ ಹಾಕ್ಕೋತಾಳೆ?” ಪಕ್ಕದಲ್ಲಿದ್ದ ಅವಳು ಏನೂ ಹೇಳದೆ ಅವನ ಶಾಲು ಸರಿಮಾಡಿದಳು.