ಚೆಂಡಿಲ್ಲದೆ ಬೀಸಿ: ಡ್ರೈವರ್ ವೇಗಕ್ಕೆ ಬೇರೆಯೇ ತಾಲೀಮು

ಗಾಲ್ಫ್‌ನಲ್ಲಿ ದೂರ ಸಾಲುತ್ತಿಲ್ಲ ಅನಿಸಿದಾಗ ಹೆಚ್ಚಿನವರು ಮಾಡುವುದು ಎರಡೇ ಕೆಲಸ. ಹೊಸ ಡ್ರೈವರ್ (ಅತಿ ದೂರ ಹೊಡೆಯುವ ಕ್ಲಬ್, ಅಂದರೆ ಗಾಲ್ಫ್ ಕೋಲು) ಕೊಳ್ಳುತ್ತಾರೆ, ಇಲ್ಲವೇ ಇನ್ನೆರಡು ಬಕೆಟ್ ಚೆಂಡು ಖಾಲಿ ಮಾಡುತ್ತಾರೆ. ಡ್ರೈವರ್ ಮುಖ ಎಷ್ಟು ಚಿಮ್ಮಬಹುದು ಎಂಬುದಕ್ಕೆ ಗಾಲ್ಫ್ ನಿಯಮವೇ ಮಿತಿ ಹಾಕಿದೆ. ಎಷ್ಟೇ ದುಬಾರಿ ಕ್ಲಬ್ ಆದರೂ, ಚೆಂಡು ಸರಿಯಾಗಿ ನಡುಮುಖಕ್ಕೆ ತಗುಲಿದಾಗ ಕ್ಲಬ್ ವೇಗದ ಒಂದೂವರೆ ಪಟ್ಟಿನಷ್ಟು ವೇಗದಲ್ಲಿ ಹೊರಡುತ್ತದೆ, ಅದಕ್ಕಿಂತ ಹೆಚ್ಚಿಲ್ಲ. ಇನ್ನು ಬಕೆಟ್‌ಗಟ್ಟಲೆ ಚೆಂಡು ಹೊಡೆಯುವುದು ನಿಖರತೆಗೆ ಒಳ್ಳೆಯದು, ವೇಗಕ್ಕೆ ಅಲ್ಲ. ಮುಂದೆ ಚೆಂಡಿದ್ದರೆ ಮನಸ್ಸು ಗುರಿಯ ಕಡೆ ಹೋಗುತ್ತದೆ, ಕೈ ತಾನಾಗಿಯೇ ಒಂದಿಷ್ಟು ತಡೆಹಿಡಿಯುತ್ತದೆ. ನಿಮ್ಮ ಪೂರ್ಣ ವೇಗದ ನೂರಕ್ಕೆ ಎಂಬತ್ತೈದರಲ್ಲಿ ನೂರು ಸಲ ಬೀಸಿದರೆ ಮೈಗೆ ರೂಢಿಯಾಗುವುದು ಅದೇ ಎಂಬತ್ತೈದು.

ವೇಗ ಬೇಕಾದರೆ ವೇಗವನ್ನೇ ಅಭ್ಯಾಸ ಮಾಡಬೇಕು, ಚೆಂಡಿಲ್ಲದೆ, ಬರಿಯ ಕೋಲು ಬೀಸಿ: ಕಡಿಮೆ ಬೀಸು, ಪ್ರತಿಯೊಂದೂ ಪೂರ್ತಿ ಜೋರು, ನಡುವೆ ಧಾರಾಳ ವಿಶ್ರಾಂತಿ, ಪ್ರತಿಯೊಂದಕ್ಕೂ ಅಳತೆ.

ಎಷ್ಟು ಲಾಭ ಎಂಬುದನ್ನು ಮೊದಲು ನೋಡಿ. ಕ್ಲಬ್ ವೇಗ ಗಂಟೆಗೆ 1 ಮೈಲಿ ಏರಿದರೆ ಡ್ರೈವ್ ಸುಮಾರು 2.5 ಗಜ ಉದ್ದವಾಗುತ್ತದೆ. 93ರಿಂದ 98 ಮೈಲಿಗೆ ಹೋದರೆ ಹನ್ನೆರಡು ಗಜ. ಎರಡನೇ ಹೊಡೆತಕ್ಕೆ ಒಂದು ಹಂತ ಕಡಿಮೆ ದೂರದ ಕ್ಲಬ್ ಸಾಕು. ಅಮೆರಿಕದ ವೃತ್ತಿಪರ ಸರಣಿ ಪಿಜಿಎ ಟೂರ್‌ನ ಪುರುಷರ ಸರಾಸರಿ 115 ಮೈಲಿಯ ಆಸುಪಾಸು, ಎಲ್‌ಪಿಜಿಎ ಮಹಿಳೆಯರದ್ದು 95ರ ಆಸುಪಾಸು. ದೂರವೇ ಎಲ್ಲವೂ ಅಲ್ಲ ಎಂಬುದಕ್ಕೆ ಬೆಂಗಳೂರಿನ ಅದಿತಿ ಅಶೋಕ್ ಕಣ್ಣೆದುರೇ ಇದ್ದಾರೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ತಮಗಿಂತ ದೂರ ಹೊಡೆಯುವವರ ನಡುವೆ ಚೆಂಡನ್ನು ಕುಳಿಗೆ ಉರುಳಿಸುವ ಪಟರ್ ನೆಚ್ಚಿಕೊಂಡು ನಾಲ್ಕನೇ ಸ್ಥಾನಕ್ಕೆ ಬಂದರು. ಇನ್ನೊಂದು ಕಡೆ ಮ್ಯಾಟ್ ಫಿಟ್ಜ್‌ಪ್ಯಾಟ್ರಿಕ್: ನಿಖರ ಆಟಗಾರ ಎಂದೇ ಹೆಸರಾಗಿದ್ದವರು. ಭಾರ ಬದಲಿಸುವ ಕೋಲಿನಲ್ಲಿ ವೇಗದ ತಾಲೀಮು ಮಾಡಿ, 2022ರ ಯುಎಸ್ ಓಪನ್ ಗೆದ್ದರು. ಇರುವ ನಿಖರತೆಗೆ ವೇಗ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುವುದಿಲ್ಲ.

ಮೈಸೂರಿನಲ್ಲಿ ಈ ಮಾತು ಎತ್ತಿದರೆ ಯಾರಾದರೂ ಗರಡಿಯ ನೆನಪು ಮಾಡಿಯೇ ಮಾಡುತ್ತಾರೆ. ದಸರಾ ಕುಸ್ತಿಗೆ ಸಿದ್ಧವಾಗುವ ಪೈಲ್ವಾನರು ಗದೆ ತಿರುಗಿಸುತ್ತಾರಲ್ಲ, ಅದನ್ನೇ ಮಾಡಿದರೆ ಸಾಲದೇ? ಗದೆಯಿಂದ ಭುಜ, ಮುಂಗೈ, ಹಿಡಿತಕ್ಕೆ ಬರುವ ಕಸುವು ದೊಡ್ಡದು, ಅದನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಗದೆ ನಿಧಾನ ತಿರುಗುತ್ತದೆ. ಡೌನ್‌ಸ್ವಿಂಗ್ (ಎತ್ತಿದ ಕ್ಲಬ್ ಚೆಂಡಿಗೆ ಇಳಿಯುವುದು) ಮುಗಿಯುವುದು ಸುಮಾರು ಕಾಲು ಸೆಕೆಂಡಿನಲ್ಲಿ. ಅಷ್ಟರೊಳಗೆ ಸ್ನಾಯು ಎಷ್ಟು ಬೇಗ ಬಲ ಹೊಮ್ಮಿಸುತ್ತದೆ ಎಂಬುದೇ ಲೆಕ್ಕ. ಒಟ್ಟು ಎಷ್ಟು ಬಲವಿದೆ ಎಂಬುದು ಆಮೇಲಿನ ಮಾತು. ಆಟ ಶುರುವಾಗುವ ಮೊದಲ ಟೀ ಬಳಿ ಎರಡು ಮೂರು ಐರನ್ (ಲೋಹದ ಚಪ್ಪಟೆ ತಲೆಯ ಕ್ಲಬ್) ಒಟ್ಟಿಗೆ ಹಿಡಿದು ಬೀಸುವವರೂ ಇದೇ ತಪ್ಪು ಮಾಡುತ್ತಾರೆ. ಆಮೇಲೆ ಡ್ರೈವರ್ ಹಗುರ ಅನಿಸುತ್ತದೆ, ವೇಗವಾಗಿ ಬೀಸಿದೆ ಅನಿಸುತ್ತದೆ. ಅಳೆದರೆ ವೇಗ ಇಳಿದಿರುತ್ತದೆ. ಬೇಸ್‌ಬಾಲ್‌ನವರು ಭಾರ ಏರಿಸಿದ ಬ್ಯಾಟ್‌ಗಳ ಮೇಲೆ ಇದನ್ನು ಅಳೆದೇ ಕಂಡುಕೊಂಡಿದ್ದಾರೆ. ಅದಕ್ಕೇ ವೇಗದ ತಾಲೀಮಿಗೆ ಬೀಸುವ ಕೋಲುಗಳ ಭಾರ ನಿಮ್ಮ ಡ್ರೈವರ್ ಭಾರದ ಹತ್ತಿರದಲ್ಲೇ ಇರಬೇಕು.

ಎಷ್ಟು ಹತ್ತಿರ? ರೂಢಿಯಲ್ಲಿರುವುದು ಮೂರು ಕೋಲು: ಡ್ರೈವರ್‌ಗಿಂತ ಶೇ 20 ಹಗುರ, ಶೇ 10 ಹಗುರ, ಶೇ 5 ಭಾರ. ಇಂದಿನ ಡ್ರೈವರ್ ಸುಮಾರು 310 ಗ್ರಾಂ ತೂಗುತ್ತದೆ: ತಲೆ 200, ಶಾಫ್ಟ್ (ಉದ್ದನೆಯ ದಂಡ) 60, ಗ್ರಿಪ್ (ಹಿಡಿಕೆ) 50. ಹಾಗಾದರೆ ಕೋಲುಗಳು 250, 280, 325 ಗ್ರಾಂ ಬರಬೇಕು. ಆ ಭಾರ ತುದಿಯಲ್ಲಿರಬೇಕು, ಏಕೆಂದರೆ ಬೀಸುವಾಗ ಕೈಗೆ ತಿಳಿಯುವುದು ಒಟ್ಟು ತೂಕಕ್ಕಿಂತ ತುದಿಯ ತೂಕ. ಉದ್ದಕ್ಕೂ ಸಮನಾಗಿ ಭಾರವಿರುವ ಕಬ್ಬಿಣದ ಪೈಪು 310 ಗ್ರಾಂ ಇದ್ದರೂ ಡ್ರೈವರ್ ತರಹ ತಿರುಗುವುದಿಲ್ಲ.

ತಯಾರಾದ ಸೆಟ್ ತರಿಸಿಕೊಳ್ಳಬಹುದು. ಇಲ್ಲೇ ಮಾಡಿಸುವುದಾದರೆ ಹಳೆಯ ಡ್ರೈವರ್‌ಗಳ ತಲೆ ಬಿಚ್ಚಿಸಿ. ಶಾಫ್ಟು, ಗ್ರಿಪ್ಪು ಸೇರಿ 110 ಗ್ರಾಂ ಉಳಿಯುತ್ತದೆ. ಲೇತ್ ವರ್ಕ್‌ಶಾಪಿನಲ್ಲಿ 20 ಮಿ.ಮೀ. ದಪ್ಪದ ಉಕ್ಕಿನ ಸರಳಿನಿಂದ ಸುಮಾರು 6, 7.5, 9 ಸೆಂ.ಮೀ. ಉದ್ದದ ಮೂರು ತುಂಡು ಕತ್ತರಿಸಿಸಿ, ಒಂದು ತುದಿಯಲ್ಲಿ 3 ಸೆಂ.ಮೀ. ಆಳದ ರಂಧ್ರ ಕೊರೆಸಿ. ಡ್ರೈವರ್ ಶಾಫ್ಟಿನ ತುದಿ ಸಾಮಾನ್ಯವಾಗಿ 8.5 ಮಿ.ಮೀ. ಇರುತ್ತದೆ. ಅದಕ್ಕೆ ಕೂದಲೆಳೆಯಷ್ಟೇ ಸಡಿಲವಿರಲಿ. ಶಾಫ್ಟಿನ ತುದಿಯನ್ನು ಉಪ್ಪುಕಾಗದದಿಂದ ಉಜ್ಜಿ ಒರಟು ಮಾಡಿ, ಎಪಾಕ್ಸಿ ಹಾಕಿ, ಪೂರ್ತಿ ಒಂದು ದಿನ ಒಣಗಲು ಬಿಡಿ. ಬರಿಯ ಟೇಪ್ ಸುತ್ತಿ ಭಾರ ಕಟ್ಟುವುದು ಬೇಡವೇ ಬೇಡ. ಗ್ರಾಫೈಟ್‌ಗೆ ಅಡ್ಡ ತೂತು ಕೊರೆದು ಮೊಳೆ ಹೊಡೆಯುವುದೂ ಬೇಡ, ಅಲ್ಲೇ ಸೀಳುತ್ತದೆ. ಗಂಟೆಗೆ ನೂರು ಮೈಲಿಯಲ್ಲಿ ಕಳಚಿಕೊಂಡ ಉಕ್ಕಿನ ತುಂಡು ಎದುರಿಗಿದ್ದವರ ಪ್ರಾಣಕ್ಕೇ ಅಪಾಯ. ಪ್ರತಿ ಸಲ ಬೀಸುವ ಮೊದಲು ತುಂಡನ್ನು ತಿರುಚಿ, ಎಳೆದು ನೋಡಿ. ನೆಟ್‌ಗೆ ಎದುರಾಗಿ ನಿಂತೇ ಬೀಸಿ. ಮನೆಯ ಟೆರೇಸು ಇದಕ್ಕೆ ಜಾಗವಲ್ಲ, ಕೆಳಗೆ ರಸ್ತೆಯಿರುತ್ತದೆ.

ಅಳತೆಗೆ ಸಣ್ಣ ರೇಡಾರ್ ಬೇಕು. ಪಿಆರ್‌ಜಿಆರ್ ಕಂಪನಿಯ ತರಹದ್ದು ಸಾಕು. ಚೆಂಡಿರುವ ಜಾಗದಿಂದ ಒಂದರಿಂದ ಒಂದೂವರೆ ಮೀಟರ್ ಹಿಂದೆ, ಗುರಿಯ ನೇರಕ್ಕೆ ಇಡಿ. ಪ್ರತಿ ಸಲ ಅದೇ ದೂರ, ಅದೇ ಕೋನ ಇರಲಿ, ಇಲ್ಲದಿದ್ದರೆ ಇಂದಿನ ಅಂಕಿಯನ್ನು ನಿನ್ನೆಯದಕ್ಕೆ ಹೋಲಿಸುವಂತಿಲ್ಲ. ಒಂದೇ ಒಂದು ದೊಡ್ಡ ಅಂಕಿ ಕಂಡು ಹಿಗ್ಗಬೇಡಿ. ಅತಿ ಹೆಚ್ಚಿನ ಮೂರು ಬೀಸುಗಳ ಸರಾಸರಿಯನ್ನು ಬರೆದಿಡಿ. ಫೋನಿನ ಸ್ಲೋ ಮೋಷನ್ ಸೆಕೆಂಡಿಗೆ 240 ಚೌಕಟ್ಟು ತೆಗೆಯುತ್ತದೆ, ಡೌನ್‌ಸ್ವಿಂಗ್‌ಗೆ ಸುಮಾರು 60 ಚೌಕಟ್ಟು. ಲಯ ನೋಡಲು ಅದು ಸಾಕು, ವೇಗ ಅಳೆಯಲು ಸಾಲದು.

ಅಂಕಿ ಯಾಕಿಷ್ಟು ಮುಖ್ಯ ಎಂದರೆ, ಬೀಸಿದವರ ಅನಿಸಿಕೆಯನ್ನು ನಂಬುವಂತಿಲ್ಲ. ತುಂಬಾ ಜೋರು ಅನಿಸಿದ ಬೀಸು ಎಷ್ಟೋ ಸಲ ಬರಿಯ ಬಿಗಿತ. ಚೆಂಡು ಹೋದ ದೂರವನ್ನೂ ನಂಬುವಂತಿಲ್ಲ. ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್‌ನಲ್ಲಿ ಮಾರ್ಚ್‌ನ ಒಣ ಫೇರ್‌ವೇ ಮೇಲೆ ಉರುಳುವ ಚೆಂಡು ಜುಲೈನ ಹಸಿ ನೆಲದಲ್ಲಿ ಬಿದ್ದಲ್ಲೇ ಕೂರುತ್ತದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿದೆ. ಗಾಳಿ ತೆಳುವಾದ್ದರಿಂದ ಚೆಂಡು ಶೇ 2ರಿಂದ 3ರಷ್ಟು ಹೆಚ್ಚು ಹಾರುತ್ತದೆ. ಸಮುದ್ರದ ಬದಿಯ ಮಂಗಳೂರಿನ ಪಿಲಿಕುಳ ಗಾಲ್ಫ್ ಮೈದಾನಕ್ಕೆ ಇಳಿದು ಆಡಿದ ದಿನ ಐದಾರು ಗಜ ಕಡಿಮೆಯಾದರೆ ವೇಗ ಹೋಯಿತೆಂದು ಗಾಬರಿಯಾಗಬೇಕಿಲ್ಲ.

ಈಗ ತಾಲೀಮು. ಮೊದಲ ಹತ್ತು ನಿಮಿಷ ಮೈ ಬಿಸಿ ಮಾಡಲು: ಎರಡು ನಿಮಿಷ ಸ್ಕಿಪ್ಪಿಂಗ್, 15 ಬಸ್ಕಿ, ಮಂಡಿಯೂರಿ ಎದೆಯನ್ನು ಎಡಕ್ಕೆ ಬಲಕ್ಕೆ ಹತ್ತತ್ತು ಸಲ ತಿರುಗಿಸುವುದು, ಆಮೇಲೆ ಡ್ರೈವರ್‌ನಲ್ಲಿ ಅರ್ಧ, ಮುಕ್ಕಾಲು, ಪೂರ್ಣ ಬೀಸು. ಇದನ್ನು ಬಿಟ್ಟು ನೇರ ಜೋರು ಬೀಸಿದವರ ಕೆಳಬೆನ್ನು ಅದೇ ವಾರ ಹಿಡಿದುಕೊಳ್ಳುವ ಸಾಧ್ಯತೆ ಹೆಚ್ಚು.

ಆಮೇಲೆ ಭಾರದ ಕೋಲು 4 ಬೀಸು, ನಡುವಿನದು 4, ಹಗುರದ್ದು 4, ಕೊನೆಗೆ ನಿಮ್ಮದೇ ಡ್ರೈವರ್ 4. ಹಗುರದ ಕೋಲಿನಲ್ಲಿ ವಿರುದ್ಧ ಕೈಯಲ್ಲೂ 3 ಬೀಸು ಸೇರಿಸಿ. ಎಡ ಬಲ ಎರಡೂ ಕಡೆಯ ಸ್ನಾಯು ಸಮನಾಗಿ ದುಡಿಯಲಿ ಎಂದು. ಮೂರು ನಿಮಿಷ ಕೂತು ಇದೇ ಸುತ್ತು ಇನ್ನೊಮ್ಮೆ. ಬೀಸಿನ ನಡುವೆ 20 ಸೆಕೆಂಡು, ಕೋಲು ಬದಲಿಸುವಾಗ ಎರಡು ನಿಮಿಷ. ಈ ಕ್ರಮ ಹಿಂದುಮುಂದಾದ ಪದ್ಧತಿಗಳೂ ಇವೆ. ಭಾರದಿಂದ ಹಗುರಕ್ಕೆ ಬರುವುದು ನನಗೆ ಸರಿ ಕಾಣುತ್ತದೆ, ಏಕೆಂದರೆ ಡ್ರೈವರ್ ಕೈಗೆ ಬರುವ ಹೊತ್ತಿಗೆ ಮೈಯಲ್ಲಿ ಅತಿ ವೇಗದ ಬೀಸಿನ ನೆನಪು ಹಸಿಯಾಗಿರುತ್ತದೆ. ಉಸಿರು ಕಟ್ಟಿಸುವ ವ್ಯಾಯಾಮ ಇದಲ್ಲ. ಬೆವರು ಸುರಿದರೆ ವಿಶ್ರಾಂತಿ ಸಾಲಲಿಲ್ಲ ಎಂದೇ ಅರ್ಥ. ಎರಡು ಬೀಸು ಸತತವಾಗಿ ಆ ಕೋಲಿನ ಅಂದಿನ ಗರಿಷ್ಠಕ್ಕಿಂತ 4 ಮೈಲಿ ಕೆಳಗೆ ಬಂದರೆ ಅಲ್ಲಿಗೇ ನಿಲ್ಲಿಸಿ. ದಣಿದ ಮೇಲೆ ಬೀಸುವುದು ನಿಧಾನವನ್ನು ಕಲಿಸುತ್ತದೆ.

ವಾರಕ್ಕೆ ಮೂರು ದಿನ, ನಡುವೆ ಕನಿಷ್ಠ 48 ಗಂಟೆ. ಶನಿವಾರ ಭಾನುವಾರ ಆಡುವವರಿಗೆ ಸೋಮವಾರ, ಗುರುವಾರ ಎರಡೇ ದಿನ ಸಾಕು.

ಜೋರಾಗಿ ಬೀಸಿ ಎಂದಾಗ ಮೊದಲು ಕೆಡುವುದು ಹಿಡಿತ. ಮುಷ್ಟಿ ಬಿಗಿದರೆ ಮಣಿಕಟ್ಟು ಕಟ್ಟಿಕೊಳ್ಳುತ್ತದೆ, ಕ್ಲಬ್ ತಲೆ ಕೊನೆಗಳಿಗೆಯಲ್ಲಿ ಚಿಮ್ಮುವುದಿಲ್ಲ. ಎರಡನೆಯದು ತೋಳಿನ ಆತುರ. ಸರಿಯಾದ ಸ್ವಿಂಗ್‌ನಲ್ಲಿ ಮೊದಲು ಸೊಂಟ, ಆಮೇಲೆ ಎದೆ, ಆಮೇಲೆ ತೋಳು, ಕೊನೆಗೆ ಕ್ಲಬ್ ತಮ್ಮ ತಮ್ಮ ಗರಿಷ್ಠ ವೇಗ ಮುಟ್ಟುತ್ತವೆ. ಹಿಂದಿನದು ನಿಧಾನವಾದಾಗ ಅದರ ವೇಗ ಮುಂದಿನದಕ್ಕೆ ಸೇರುತ್ತದೆ. ಭುಜ ಮೊದಲು ತಿರುಗಿಬಿಟ್ಟರೆ ಕ್ಲಬ್ ಹೊರಗಿನಿಂದ ಒಳಕ್ಕೆ ಬರುತ್ತದೆ, ಬಲಗೈ ಆಟಗಾರನ ಚೆಂಡು ಬಲಕ್ಕೆ ಬಾಗುತ್ತದೆ, ವೇಗವೂ ಇರುವುದಿಲ್ಲ. ಪರೀಕ್ಷೆ ಸುಲಭ: ಡ್ರೈವರ್ ತಲೆಕೆಳಗು ಮಾಡಿ, ತಲೆಯ ಹತ್ತಿರ ಶಾಫ್ಟ್ ಹಿಡಿದು ಬೀಸಿ. ‘ಸುಂಯ್’ ಶಬ್ದ ಬಲಗೈ ಆಟಗಾರನಿಗೆ ಎಡಗಾಲಿನ ನೇರಕ್ಕೆ ಅಥವಾ ಅದಕ್ಕೂ ಮುಂದೆ ಕೇಳಬೇಕು. ಬಲಗಾಲಿನ ಹತ್ತಿರವೇ ಕೇಳಿದರೆ ವೇಗವೆಲ್ಲ ಚೆಂಡಿಗೆ ಮೊದಲೇ ಖರ್ಚಾಗಿದೆ.

ಕ್ಲಬ್ ಮೇಲೆ ಹೋಗುವಾಗ ಎಡ ಹಿಮ್ಮಡಿ ಎದ್ದರೆ ಏಳಲಿ. ಸೊಂಟ ಇನ್ನಷ್ಟು ತಿರುಗುತ್ತದೆ, ಬೀಸಿನ ಹಾದಿ ಉದ್ದವಾಗುತ್ತದೆ, ವೇಗ ಕೂಡಿಸಲು ಹೆಚ್ಚು ಜಾಗ ಸಿಗುತ್ತದೆ. ನಡುವಯಸ್ಸು ದಾಟಿದವರಿಗೆ, ಸೊಂಟ ಬಿಗಿಯಾದವರಿಗೆ ಈ ಒಂದು ಬದಲಾವಣೆಯೇ ದೊಡ್ಡ ಲಾಭ. ಕೆಳಗೆ ಬರುವಾಗ ಆ ಹಿಮ್ಮಡಿ ಮೊದಲು ನೆಲಕ್ಕೆ ಊರಬೇಕು, ಎಡಗಾಲು ನೆಲವನ್ನು ಒತ್ತಿ ಮೇಲಕ್ಕೆ ತಳ್ಳಬೇಕು. ತಲೆ, ಸೊಂಟ ಎರಡೂ ಬಲಕ್ಕೆ ಜಾರಿದರೆ ಮಾತ್ರ ಈ ಲಾಭವೆಲ್ಲ ಹೋಗುತ್ತದೆ.

ಮೊದಲ ಐದಾರು ವಾರದಲ್ಲಿ 3ರಿಂದ 5 ಮೈಲಿ ಏರುವುದು ಸಾಮಾನ್ಯ. ಅದರಲ್ಲಿ ಒಂದು ಭಾಗ ನಿಮ್ಮಲ್ಲಿ ಇದ್ದದ್ದೇ, ತಡೆ ತೆಗೆದಿದ್ದರಿಂದ ಹೊರಬಂದದ್ದು. ಆಮೇಲೆ ಅಂಕಿ ನಿಲ್ಲುತ್ತದೆ. ಬೀಸಿನ ಎಣಿಕೆ ದುಪ್ಪಟ್ಟು ಮಾಡಬೇಕೆಂಬ ಆಸೆ ಹುಟ್ಟುವುದು ಆಗಲೇ, ಮೊಣಕೈ ಒಳಬದಿಯ ನೋವು, ಪಕ್ಕೆಲುಬಿನ ನೋವು ಶುರುವಾಗುವುದೂ ಆಗಲೇ. ಒಂದು ವಾರ ಪೂರ್ತಿ ಬಿಡಿ. ಅಲ್ಲಿಂದ ಮುಂದಿನ ಏರಿಕೆ ಜಿಮ್‌ನಿಂದ ಬರಬೇಕು: ಡೆಡ್‌ಲಿಫ್ಟ್ ಅಥವಾ ಸ್ಕ್ವಾಟ್ 4 ಸೆಟ್, ಪ್ರತಿ ಸೆಟ್ 4-5 ಸಲ, ಇನ್ನೆರಡು ಸಲ ಎತ್ತಬಹುದಾಗಿದ್ದಾಗಲೇ ನಿಲ್ಲಿಸುವಷ್ಟು ಭಾರ. 3 ಕೆ.ಜಿ. ಮೆಡಿಸಿನ್ ಬಾಲನ್ನು ಪಕ್ಕದಿಂದ ಗೋಡೆಗೆ ಎಸೆಯುವುದು ಎರಡೂ ಕಡೆ 5ರಂತೆ 3 ಸೆಟ್. ನಿಂತಲ್ಲಿಂದ ಮೇಲಕ್ಕೆ ಜಿಗಿತ 5ರಂತೆ 3 ಸೆಟ್. ಮೇಲಕ್ಕೆ ಚೆನ್ನಾಗಿ ಜಿಗಿಯುವವರು ಸಾಮಾನ್ಯವಾಗಿ ಕ್ಲಬ್ಬನ್ನೂ ವೇಗವಾಗಿ ಬೀಸುತ್ತಾರೆ. ಗದೆಗೂ ಇಲ್ಲಿ ಜಾಗವಿದೆ. ಜಿಮ್ ಮತ್ತು ವೇಗದ ತಾಲೀಮು ಒಂದೇ ದಿನ ಬಂದರೆ ಬೀಸು ಮೊದಲು, ಭಾರ ಆಮೇಲೆ.

ಕೋಲಿನಲ್ಲಿ ಬಂದ ವೇಗ ಚೆಂಡಿಗೆ ತಾನಾಗಿ ಬರುವುದಿಲ್ಲ. ಮೂರನೇ ವಾರದಿಂದ ತಾಲೀಮಿನ ಕೊನೆಗೆ 8-10 ಚೆಂಡನ್ನು ನೆಟ್‌ಗೆ ಹೊಡೆಯಿರಿ. ಗುರಿ ಬೇಡ, ರೇಡಾರ್ ಅಂಕಿ ಮಾತ್ರ. ಅದು ಸರಾಗವಾದ ಮೇಲೆ ಚೆಂಡಿನ ಹಿಂಭಾಗಕ್ಕೆ ವೈಟ್‌ಬೋರ್ಡ್ ಮಾರ್ಕರ್‌ನಿಂದ ದಪ್ಪ ಚುಕ್ಕೆ ಇಡಿ, ಹೊಡೆದಾಗ ಗುರುತು ಕ್ಲಬ್ ಮುಖಕ್ಕೆ ಅಂಟುತ್ತದೆ. ಗುರುತು ನಡುವಿನಿಂದ ಅರ್ಧ ಇಂಚು ಕ್ಲಬ್ಬಿನ ಹಿಮ್ಮಡಿ (ಶಾಫ್ಟಿಗೆ ಹತ್ತಿರದ ಬದಿ) ಕಡೆಗೋ ತುದಿ ಕಡೆಗೋ ಸರಿದಿದ್ದರೆ, ಗಳಿಸಿದ ಐದು ಮೈಲಿ ಅಲ್ಲೇ ಕರಗಿಹೋಗುತ್ತದೆ. ಚೆಂಡಿನ ವೇಗವನ್ನು ಕ್ಲಬ್ ವೇಗದಿಂದ ಭಾಗಿಸಿದಾಗ 1.40ಕ್ಕಿಂತ ಕಡಿಮೆ ಬಂದರೆ ಇನ್ನಷ್ಟು ವೇಗ ಹುಡುಕುವ ಮೊದಲು ಹೊಡೆತವನ್ನೇ ಸರಿಮಾಡಿಕೊಳ್ಳಿ.

ಬೆಳೆಯುವ ವಯಸ್ಸಿನ ಮಕ್ಕಳಿಗೆ ಭಾರದ ಕೋಲು ಬೇಡ. ಹಗುರದ್ದೊಂದೇ, ಅದೂ ಹತ್ತು ಹನ್ನೆರಡು ಬೀಸು. ಈಗಾಗಲೇ ಬೆನ್ನಿನ ಡಿಸ್ಕ್ ತೊಂದರೆ ಇದ್ದವರು ಫಿಸಿಯೋಥೆರಪಿಸ್ಟ್ ಒಪ್ಪಿದ ಮೇಲಷ್ಟೇ ಇದಕ್ಕೆ ಕೈಹಾಕಿ. ಟೂರ್ನಮೆಂಟ್ ಇದ್ದರೆ ಮೂರು ದಿನ ಮೊದಲೇ ತಾಲೀಮು ನಿಲ್ಲಿಸಿ. ಆಡುವ ದಿನ ಬೆಳಿಗ್ಗೆ ಟೀಗೆ ಹೋಗುವ ಮುಂಚೆ ಹಗುರದ ಕೋಲು ಮೂರು ಬೀಸು, ಡ್ರೈವರ್ ಎರಡು ಬೀಸು, ಅಷ್ಟೇ.